ಕಾಡಿನ ಪರ ಮಾತಾಡಿದವರಿಗೆ ಬೈಗುಳ



ಕಾರಡ್ಕ, ದೇಲಂಪಾಡಿ, ಮುಳಿಯಾರು ಕಡೆಯ ಕೃಷಿಕರಿಗೆ ಆನೆ, ಕಾಡುಹಂದಿಗಳ ಉಪದ್ರವವನ್ನು ನಾನು ವಿವರಿಸಬೇಕಾಗಿಲ್ಲ. ಒಂದೇ ರಾತ್ರಿಯಲ್ಲಿ ಬಾಳೆತೋಟ ನೆಲಸಮವಾದಾಗ ಬರುವ ಸಿಟ್ಟು ನ್ಯಾಯವಾದುದೇ. ಆದರೆ ಈ ಸಿಟ್ಟು ಈಗ ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ವನ್ಯಜೀವಿಗಳ ಪರವಾಗಿ ಒಂದು ಮಾತು ಆಡಿದವರ ಮೇಲೆ ತಿರುಗುತ್ತಿದೆ. ಅವರಿಗೆ ಬೈಗುಳ, ಬೆದರಿಕೆ. ಅವರ ಮನೆಯವರ ಹೆಸರೆತ್ತಿ ಹೊಲಸು ಮಾತು.

ನಮ್ಮ ರಾಜ್ಯದಲ್ಲಿ ಇದು ಮೊಬೈಲ್ ಫೋನಿನಿಂದ ಆರಂಭವಾದುದಲ್ಲ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. 2012ರ ಮೇ ತಿಂಗಳವರೆಗೆ ಸರಕಾರ ಅದನ್ನು ಹೊರಗೆ ಬಿಡಲಿಲ್ಲ. ಓದಲು ವರದಿ ಇಲ್ಲದಿದ್ದಲ್ಲಿ ಗಾಳಿಸುದ್ದಿ ಓಡಾಡಿತು: ಕೃಷಿಕರನ್ನು ಒಕ್ಕಲೆಬ್ಬಿಸುತ್ತಾರೆ, ಮನೆಗೆ ಹಸಿರು ಬಣ್ಣವನ್ನೇ ಬಳಿಯಬೇಕು, ಹೀಗೆ. ವರದಿಯಲ್ಲಿ ಇಂತಹದು ಇರಲಿಲ್ಲ. ಕಡಿದಾದ ಇಳಿಜಾರಿನಲ್ಲಿ ವಾರ್ಷಿಕ ಬೆಳೆ ಬೇಡ, ರಾಸಾಯನಿಕ ಕೀಟನಾಶಕಗಳನ್ನು ಹಂತಹಂತವಾಗಿ ನಿಲ್ಲಿಸಬೇಕು ಎಂಬ ಮಾತುಗಳು ಇದ್ದವು. ಇವುಗಳ ಬಗ್ಗೆ ಕೃಷಿಕರು ವಾದ ಮಾಡಬಹುದಿತ್ತು, ಮಾಡಲೇಬೇಕಿತ್ತು. ಎಂಡೋಸಲ್ಫಾನ್ ಕಂಡ ನಮ್ಮ ಜಿಲ್ಲೆಗಾದರೂ ಎರಡನೆಯ ಮಾತು ಅರ್ಥವಾಗಬೇಕು.

ಇಡುಕ್ಕಿಯ ಉಪ್ಪುತೋಡಿನವರಾದ ಪಿ. ಟಿ. ಥಾಮಸ್ 2009ರಲ್ಲಿ ಆ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿದ್ದರು, ಕಥೋಲಿಕರು. ಗಾಡ್ಗೀಳ್ ವರದಿಯನ್ನು ಅವರು ಬಹಿರಂಗವಾಗಿ ಬೆಂಬಲಿಸಿದರು. ಅದಕ್ಕೆ ಪ್ರತಿಯಾಗಿ, ಬದುಕಿದ್ದ ಮನುಷ್ಯನ ಅಣಕು ಶವಯಾತ್ರೆ ನಡೆಯಿತು. ಅದರಲ್ಲಿ ಗುರುಗಳೂ ಇದ್ದರೆಂದು ಪತ್ರಿಕೆಗಳು ಬರೆದವು. ಒಬ್ಬ ಗುರುವಾಗಿ ಈ ಸಂಗತಿಯನ್ನು ನಾನು ಮುಚ್ಚಿಡಲಾರೆ. ಬೈಗುಳದಲ್ಲಿ ಇದಕ್ಕಿಂತ ಕೀಳಾದುದು ಇಲ್ಲವೆಂದೇ ನನ್ನ ಅಭಿಪ್ರಾಯ. 2014ರಲ್ಲಿ ಪಕ್ಷ ಅವರಿಗೆ ಟಿಕೆಟು ಕೊಡಲಿಲ್ಲ. ಅವರು ಮಾತು ಬದಲಿಸಲಿಲ್ಲ. 2021ರ ಡಿಸೆಂಬರ್ 22ರಂದು ತೀರಿಕೊಂಡಾಗ, ಧಾರ್ಮಿಕ ವಿಧಿಗಳಿಲ್ಲದೆ ದಹನ ಮಾಡಿ ಚಿತಾಭಸ್ಮದ ಒಂದಂಶವನ್ನು ಉಪ್ಪುತೋಡಿನಲ್ಲಿರುವ ತಾಯಿಯ ಸಮಾಧಿಯಲ್ಲಿ ಇಡಬೇಕೆಂದು ಹೇಳಿಹೋಗಿದ್ದರು.

ಇನ್ನೊಂದು ವಿಷಯ ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 'ಪ್ರಾಣಿಗಳ ಪಕ್ಷದವ' ಎಂದು ಬೈಸಿಕೊಂಡ ಗಾಡ್ಗೀಳರೇ, ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷಿಕರಿಗೆ ಅನ್ಯಾಯ ಮಾಡುತ್ತದೆ, ಹಂದಿಯನ್ನು ಬೇಟೆಯಾಡಲು ಅನುಮತಿ ಇರಬೇಕು ಎಂದು ವಾದಿಸಿದವರು. ಬೈದವರಲ್ಲಿ ಎಷ್ಟು ಮಂದಿ ಅದನ್ನು ಓದಿದ್ದರೋ!

ಹಂದಿಯ ಉಪದ್ರವಕ್ಕೆ ದಾರಿ ಇದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ತೋಟಕ್ಕೆ ಇಳಿದ ಕಾಡುಹಂದಿಯನ್ನು ಲೈಸೆನ್ಸ್ ಇರುವ ಕೋವಿಯವರಿಂದ ಕೊಲ್ಲಿಸಲು ಆದೇಶಿಸುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ವಿಷ, ಸ್ಫೋಟಕ, ಕರೆಂಟು ತಂತಿ ಕೂಡದು. ಅರ್ಜಿಯನ್ನು ಪಂಚಾಯತಿಗೆ ಕೊಡಿ. 'ಕರೆಂಟು ತಂತಿ ಎಳೆಯಬೇಡಿ' ಎಂದು ಗ್ರೂಪಿನಲ್ಲಿ ಬರೆದ ಹುಡುಗನಿಗೆ ಬೈದರೆ ಒಂದು ಬುಡ ಮರಗೆಣಸೂ ಉಳಿಯುವುದಿಲ್ಲ. ಆ ತಂತಿಗೆ ಬೆಳಗ್ಗೆ ಹಾಲಿಗೆ ಹೋಗುವವರೂ ತಾಗಿಯಾರು.

ಇನ್ನು, ಬೈಗುಳ ತಿನ್ನುತ್ತಿರುವವರಿಗೆ. ಸಿಟ್ಟಿನಲ್ಲಿ ಆ ಸಂದೇಶಗಳನ್ನು ಅಳಿಸಬೇಡಿ. ತಾರೀಕು, ನಂಬ್ರ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಮನೆಯವರಲ್ಲಿ ಒಬ್ಬರಿಗೆ ಕಳುಹಿಸಿಡಿ. ರಾತ್ರಿ ಉತ್ತರ ಬರೆಯಬೇಡಿ. ಟೀಕೆ ಬೇರೆ, ಬೆದರಿಕೆ ಬೇರೆ: ಟೀಕೆಗೆ ಉತ್ತರಿಸಬಹುದು, ಬೆದರಿಕೆಗೆ ಠಾಣೆಯೇ ಸರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಂತೆ ಕೊಲೆಬೆದರಿಕೆಗೆ ಏಳು ವರ್ಷದ ತನಕ ಶಿಕ್ಷೆ ಇದೆ. ಹೆಸರು ಮರೆಸಿ ಬೆದರಿಸಿದರೆ ಇನ್ನೂ ಎರಡು ವರ್ಷದ ತನಕ ಸೇರಬಹುದು.

ನಿದ್ದೆ ಬಾರದೆ, ಊಟ ಸೇರದೆ, ಫೋನಿನ ಸದ್ದಿಗೇ ಎದೆ ಬಡಿದುಕೊಂಡರೆ ಅದು ಹೇಡಿತನವಲ್ಲ, ದೇಹ ಹೇಳುವ ಲಕ್ಷಣ. ರಕ್ತದೊತ್ತಡ ಇರುವವರು ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು. ನೆರೆಯವರು ಒಮ್ಮೆ ಅವರ ಜಗಲಿಗೆ ಹೋಗಿ ಕುಳಿತುಕೊಳ್ಳಿ, ಹಂದಿಯ ವಿಚಾರದಲ್ಲಿ ನಿಮ್ಮ ಅಭಿಪ್ರಾಯ ಬೇರೆಯೇ ಇದ್ದರೂ.