ಸಾಲ್‌ಗಿರಾ: ದಾರದ ಇನ್ನೊಂದು ತುದಿ ಊರಿನಲ್ಲಿರಲಿ

ಪರದೇಶದಲ್ಲಿ ಪುಟ್ಟ ಮಕ್ಕಳೊಂದಿಗೆ ಸಂಸಾರ ನಡೆಸುತ್ತಿರುವ ಸಹೋದರಿಯರೇ, ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಕೇಳಿಬಂದಿರಬಹುದು. ಸಹಪಾಠಿಯ ಹುಟ್ಟುಹಬ್ಬಕ್ಕೆ ಹೋಗಿ ಬಂದ ಮಗು, "ಅಮ್ಮಿ, ನನ್ನದು ಯಾವಾಗ?" ಎಂದು ಸೆರಗು ಹಿಡಿಯುತ್ತದೆ. ಕೆಲವರು ಸಾಲ ಮಾಡಿಯಾದರೂ ಹಾಲ್ ಹಿಡಿದು ಔತಣ ಕೊಡುತ್ತಾರೆ. ಇನ್ನು ಕೆಲವರು "ಅದೆಲ್ಲ ನಮಗಲ್ಲ" ಎಂದು ಗದರಿ ಮಗುವಿನ ಬಾಯಿ ಮುಚ್ಚಿಸುತ್ತಾರೆ. ಇವೆರಡರಿಂದಲೂ ಮಗುವಿಗೆ ಸಿಗುವುದೇನು?

ನಮಗೆ ಹಬ್ಬಗಳು ಎರಡೇ: ಈದುಲ್ ಫಿತ್ರ್ ಮತ್ತು ಈದುಲ್ ಅಝ್‌ಹಾ. ಹುಟ್ಟುಹಬ್ಬದ ಆಚರಣೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅನೇಕರು ಅದನ್ನು ಒಪ್ಪುವುದಿಲ್ಲ. ಆದರೆ ಮಗು ಹುಟ್ಟಿದ್ದಕ್ಕೆ ಕೃತಜ್ಞತೆ ಸಲ್ಲಿಸುವುದನ್ನು ಧರ್ಮ ತಡೆದಿಲ್ಲ. ಏಳನೆಯ ದಿನದ ಅಕೀಕಾ, ಮಗುವಿನ ಕೂದಲಿನ ತೂಕದ ಬೆಳ್ಳಿಯ ದಾನ ಇವು ಕೃತಜ್ಞತೆಯ ರೂಪಗಳಲ್ಲವೇ? ಪ್ರವಾದಿವರ್ಯರು(ಸ) ಸೋಮವಾರ ಉಪವಾಸವಿರುತ್ತಿದ್ದರು. ಕಾರಣ ಕೇಳಿದಾಗ, ತಾವು ಹುಟ್ಟಿದ ದಿನವೂ ತಮಗೆ ದಿವ್ಯವಾಣಿ ಬಂದ ದಿನವೂ ಅದೇ ಎಂದು ತಿಳಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆದ್ದರಿಂದ ದಿನದ ನೆನಪು ದುಆ ಮತ್ತು ದಾನದ ಕಡೆಗೆ ನಡೆಯಲಿ, ಆಡಂಬರದ ಕಡೆಗಲ್ಲ.

ಹುಟ್ಟಿದ ದಿನಕ್ಕೆ ನಮ್ಮ ಹಿರಿಯರು ಹೇಳುವ ಪದ 'ಸಾಲ್‌ಗಿರಾ'. ಫಾರ್ಸಿಯಲ್ಲಿ 'ಸಾಲ್' ಎಂದರೆ ವರ್ಷ, 'ಗಿರಾ' ಎಂದರೆ ಗಂಟು. ಹಿಂದೆ ಮಗುವಿನ ಹೆಸರಿನಲ್ಲಿ ಒಂದು ದಾರವಿಟ್ಟು ವರ್ಷಕ್ಕೊಂದು ಗಂಟು ಹಾಕುತ್ತಿದ್ದರು. ಗಂಟು ಎಣಿಸಿದರೆ ವಯಸ್ಸು ಗೊತ್ತಾಗುತ್ತಿತ್ತು. ಆ ದಾರ ತಾಯಿತವಲ್ಲ, ಬರೀ ಲೆಕ್ಕ. ನೀವು ಪರದೇಶದಲ್ಲಿ ಗಂಟು ಹಾಕುವಾಗ ದಾರದ ಇನ್ನೊಂದು ತುದಿ ಊರಿನಲ್ಲಿ ದಾದಿ-ನಾನಿಯ ಕೈಯಲ್ಲಿದೆಯೇ? ನೋಡಿಕೊಳ್ಳಬೇಕಾದದ್ದು ಅದನ್ನೇ.

ಪರದೇಶದ ಬದುಕನ್ನು ಕಾಣಲು ನಾವು ದೂರ ಹೋಗಬೇಕಿಲ್ಲ. ನಮ್ಮ ಅತ್ತಿವೇರಿ ಇರುವ ಮುಂಡಗೋಡ ತಾಲೂಕಿನಲ್ಲೇ 1966ರಲ್ಲಿ ಟಿಬೆಟಿಯನ್ನರ ವಸತಿ ಆರಂಭವಾಯಿತು. ತಾಯ್ನಾಡು ಬಿಟ್ಟು ಬಂದವರು ಇಲ್ಲಿ ಮಕ್ಕಳನ್ನು ಹೆತ್ತು ಬೆಳೆಸಿದರು. ಅವರ ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬರ ಹುಟ್ಟಿದ ತಾರೀಖಿಗೆ ಅಂಥ ಮಹತ್ವವಿರಲಿಲ್ಲ. ಲೋಸರ್ ಎಂಬ ಹೊಸ ವರ್ಷದ ದಿನ ಎಲ್ಲರಿಗೂ ಒಟ್ಟಿಗೆ ಒಂದು ವರ್ಷ ಸೇರುತ್ತಿತ್ತು. ಅವರ ಧರ್ಮ ಬೇರೆ, ನಮ್ಮದು ಬೇರೆ. ಆದರೂ ಒಂದು ಮಾತು ಕಲಿಯಬಹುದು: ತಾರೀಖಿಗಿಂತ ತನ್ನವರೆಲ್ಲ ಕೂಡುವುದು ದೊಡ್ಡದು.

ನಮ್ಮ ಜಿಲ್ಲೆಯ ಭಟ್ಕಳದಿಂದ ಗಲ್ಫ್‌ಗೆ ಹೋದ ಕುಟುಂಬಗಳು ಎಷ್ಟೋ. ಅಲ್ಲಿನ ವಾಸ ಶಾಶ್ವತವಲ್ಲ ಎಂಬುದನ್ನು ಮರೆಯಬಾರದು. ಸೌದಿ ಅರೇಬಿಯಾ 2017ರ ಜುಲೈಯಲ್ಲಿ ವಿದೇಶಿ ನೌಕರರ ಪತ್ನಿ-ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ಅದು ವರ್ಷವರ್ಷವೂ ಏರಿ 2020ರಲ್ಲಿ 400 ರಿಯಾಲ್ ಆಯಿತು. ಮೂವರು ಮಕ್ಕಳಿರುವ ಮನೆಗೆ, ತಾಯಿಯೂ ಸೇರಿ, ತಿಂಗಳಿಗೆ 1,600 ರಿಯಾಲ್! ಅನೇಕರು ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಬೇಕಾಯಿತು. ಹಾಗೆ ಮರಳಿದ ಮಗುವಿಗೆ ದಾದಿ ಬರೀ ಫೋಟೋದಲ್ಲಿ ಕಂಡ ಮುಖವಾಗಿದ್ದರೆ, ಅವಳ ಮಾತೇ ಅರ್ಥವಾಗದಿದ್ದರೆ ಆ ಮನೆ ಅದಕ್ಕೆ ಮತ್ತೊಂದು ಪರದೇಶವಾಗುವುದಿಲ್ಲವೇ?

ಹಾಗಾದರೆ ಆ ದಿನ ಏನು ಮಾಡಬಹುದು?

ಮೊದಲು ಗಡಿಯಾರ ನೋಡಿ. ದುಬೈ ನಮಗಿಂತ ಒಂದೂವರೆ ಗಂಟೆ, ರಿಯಾದ್ ಎರಡೂವರೆ ಗಂಟೆ ಹಿಂದೆ. ರಿಯಾದಿನಲ್ಲಿ ರಾತ್ರಿ ಎಂಟಕ್ಕೆ ನೀವು ಫೋನ್ ಮಾಡಿದರೆ ಊರಿನಲ್ಲಿ ಹತ್ತೂವರೆ. ದಾದಿ ಮಲಗಿರುತ್ತಾರೆ. ಶುಕ್ರವಾರ ಜುಮಾ ಮುಗಿಸಿ ಎರಡು ಗಂಟೆಗೆ ಕುಳಿತರೆ ಇಲ್ಲಿ ನಾಲ್ಕೂವರೆ. ಎಮಿರೇಟ್ಸ್‌ನಲ್ಲಿ 2022ರಿಂದ ಶನಿವಾರ, ಭಾನುವಾರ ವಾರದ ರಜೆ. ಭಾನುವಾರ ಊರಿನ ಮಕ್ಕಳಿಗೂ ಶಾಲೆ ಇರುವುದಿಲ್ಲ. ತಾರೀಖು ಎರಡು ದಿನ ಆಚೀಚೆಯಾದರೂ ಪರವಾಗಿಲ್ಲ.

ದಾದಿಯಿಂದಲೇ ಖೀರು ಮಾಡುವ ಬಗೆ ಕೇಳಿ ಅಂದು ಅದನ್ನೇ ಮಾಡಿ. ಫೋನಿನಲ್ಲಿ "ಥ್ಯಾಂಕ್ಯೂ ಹೇಳು" ಎಂದು ಮಗುವನ್ನು ಒತ್ತಾಯಿಸಬೇಡಿ. ಅದು ಹುಟ್ಟಿದ ದಿನ ಏನಾಯಿತು, ಕಿವಿಯಲ್ಲಿ ಅಝಾನ್ ಹೇಳಿದವರು ಯಾರು, ಹೆಸರು ಆರಿಸಿದವರು ಯಾರು ಎಂದು ಹಿರಿಯರೇ ಕಥೆ ಹೇಳಲಿ. ಮನೆಮಾತಿನಲ್ಲೇ ಹೇಳಲಿ. ವರ್ಷಕ್ಕೆ ಒಂದು ಕಥೆಯಾದರೂ ಹತ್ತು ವರ್ಷಕ್ಕೆ ಹತ್ತು ಕಥೆ ಮಗುವಿನದ್ದಾಗುತ್ತವೆ.

ಹಾಲ್‌ಗೆ ಕೊಡುವ ಹಣದಲ್ಲಿ ಸ್ವಲ್ಪವನ್ನು ಊರಿನ ಬಡ ಮಗುವಿನ ಪುಸ್ತಕಕ್ಕೆ ಕಳುಹಿಸಿ. ಆ ಹಣವನ್ನು ನಿಮ್ಮ ಮಗುವೇ ಎಣಿಸಿ ತೆಗೆದಿಡಲಿ. ನೆರೆಮನೆಯವರು ಯಾವ ದೇಶದವರೇ ಆಗಿರಲಿ, ಒಂದು ಬಟ್ಟಲು ಸಿಹಿ ಕೊಡಿ. ಶಾಲೆಗೆ ಸಿಹಿ ಕಳುಹಿಸುವುದಾದರೆ ಶಿಕ್ಷಕಿಯನ್ನು ಮೊದಲೇ ಕೇಳಿ. ಶೇಂಗಾ, ಗೋಡಂಬಿ ತಿಂದರೆ ಕೆಲವು ಮಕ್ಕಳಿಗೆ ಅಪಾಯಕಾರಿ ಅಲರ್ಜಿಯಾಗುತ್ತದೆ. ಎಷ್ಟೋ ಶಾಲೆಗಳಲ್ಲಿ ಅವು ನಿಷಿದ್ಧ.

ಊರಿನಲ್ಲಿರುವ ಹಿರಿಯರಿಗೂ ಒಂದು ವಿನಂತಿ. ಮೊಮ್ಮಗು ಕರೆ ಮಾಡಿದಾಗ "ಯಾವಾಗ ಬರುತ್ತೀ? ಏನು ತರುತ್ತೀ?" ಎಂದು ಕೇಳುವ ಬದಲು ಅದರ ಹೆಸರು ಹಿಡಿದು ದುಆ ಮಾಡಿ. ಆ ದುಆ ಅದರ ಕಿವಿಗೂ ಬೀಳಲಿ.

ಸಹೋದರಿಯರೇ, ಊದಿದ ಬಲೂನು ಮರುದಿನ ಬಾಡುತ್ತದೆ. ದಾದಿಯ ಬಾಯಿಂದ ಕೇಳಿದ ಕಥೆಯನ್ನು ನಿಮ್ಮ ಮಗು ಮುಂದೆ ತನ್ನ ಮಕ್ಕಳಿಗೂ ಹೇಳುತ್ತದೆ. ಈ ವರ್ಷದ ಗಂಟನ್ನು ಅಲ್ಲಿಯೇ ಹಾಕಿ, ಇನ್‌ಶಾ ಅಲ್ಲಾಹ್ ಅದು ಬಿಚ್ಚಿಕೊಳ್ಳದು.