ಹಿಮದ ಮೇಲೆ ನಡಿಗೆಯೂ ತಿರುವೂ: ಸ್ಕೀಯ ಆಯ್ಕೆ

ಮದಕರಿಪುರದ ಬಂಡೆಗಳ ನಡುವೆ ಕುಳಿತು ಹಿಮದ ಸಾಧನವೊಂದನ್ನು ವಿಚಾರಿಸುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಅಂತರರಾಷ್ಟ್ರೀಯ ಕ್ರಾಸ್‌ಕಂಟ್ರಿ ಸ್ಕೀ ಸ್ಪರ್ಧೆಗಳಲ್ಲಿ ಭಾರತವನ್ನು ಪ್ರತಿನಿಧಿಸಿರುವಾಗ ಈ ವಿಷಯವು ನಮಗೆ ತೀರ ಪರಕೀಯವೆನ್ನಲಾಗದು.

ಹಾದಿಯಿಲ್ಲದ ಹಿಮಪ್ರದೇಶದಲ್ಲಿ ಸಂಚರಿಸುವವನಿಗೆ ಸ್ಕೀಯಿಂದ ಎರಡು ಕೆಲಸಗಳಾಗಬೇಕು: ಸಮನೆಲದಲ್ಲಿ ಮುನ್ನಡೆ, ಇಳಿಜಾರಿನಲ್ಲಿ ತಿರುವು. ತೊಡಕಿರುವುದೇ ಇಲ್ಲಿ. ನಡಿಗೆಯ ಸ್ಕೀ ಕಿರಿದು, ಹಗುರ. ಅದರ ನಡುಭಾಗವು ಬಿಲ್ಲಿನಂತೆ ಮೇಲೆದ್ದಿದ್ದು, ಒದ್ದಾಗ ಮಾತ್ರ ಹಿಮವನ್ನು ಕಚ್ಚಿ, ಉಳಿದಂತೆ ಸಲೀಸಾಗಿ ಜಾರುತ್ತದೆ. ಆ ಗಡುಸು ಬಿಲ್ಲೇ ಇಳಿಜಾರಿನಲ್ಲಿ ಅಡ್ಡಿ. ಬಾಗದ ಸ್ಕೀ ಸುಲಭವಾಗಿ ತಿರುಗದು. ತಿರುವಿಗೆ ಬೇಕಾದುದು ಮೃದುವಾದ ಬಾಗು, ಲೋಹದ ಅಂಚು, ತುದಿಗಳಲ್ಲಿ ಅಗಲವಾಗಿ ನಡುವೆ ಸಣ್ಣಗಾದ ಆಕಾರ.

ಈ ನಡುಸಣ್ಣ ಆಕಾರಕ್ಕೆ ಪ್ರಸಿದ್ಧಿ ತಂದವನು ನಾರ್ವೆಯ ಟೆಲಿಮಾರ್ಕ್ ಪ್ರಾಂತದ ಬಡ ರೈತ ಸೋಂಡ್ರೆ ನೋರ್ಹೈಮ್ (1825–1897). 1888ರಲ್ಲಿ ನಾನ್ಸೆನ್ ಸ್ಕೀಗಳ ಮೇಲೆ ಗ್ರೀನ್‌ಲೆಂಡನ್ನು ದಾಟಿದನು. ಕಡಿದಾದ ಆಲ್ಪ್ಸ್ ಇಳುಕಲಿಗೆ ಅಂತಹ ನೀಳ ಸ್ಕೀ ಒಗ್ಗದೆಂದು ಆಸ್ಟ್ರಿಯದ ಜ್ಡಾರ್ಸ್ಕಿ ಅದನ್ನು ಗಿಡ್ಡಗೊಳಿಸಿದನು. ಸ್ಕೀಯನ್ನು ನಿರ್ಧರಿಸಿದುದು ನೆಲವೇ.

ಆದ್ದರಿಂದ ದಾರಿಯ ಬಹುಭಾಗ ಸಮತಟ್ಟಾಗಿದ್ದಲ್ಲಿ ನಡುವೆ ಸುಮಾರು 60 ಮಿ.ಮೀ. ಅಗಲದ, ಲೋಹದಂಚಿನ ಸ್ಕೀಯೇ ಲೇಸೆಂದು ನಮ್ಮ ಅಭಿಪ್ರಾಯ. ಇಳಿಜಾರು ಹೆಚ್ಚಿದಷ್ಟೂ ಅಗಲ ಹೆಚ್ಚಲಿ, ಬಿಲ್ಲು ಸಡಿಲಲಿ. ನೆರವು ದೊರೆಯದೆಡೆ ಆಯ್ಕೆ ತಪ್ಪಿದರೆ ಕಾಲು ಮುರಿದೀತು. ಪಾದರಕ್ಷೆಯೂ ತಕ್ಕುದಾಗಿರಬೇಕು, ಮೆತ್ತನೆಯದನ್ನು ತೊಟ್ಟವನು ಅಗಲ ಸ್ಕೀಯ ಅಂಚನ್ನು ಗಟ್ಟಿ ಹಿಮಕ್ಕೆ ಒತ್ತಿ ನಿಲ್ಲಿಸಲಾರನು.