ತಗಡಿನುದ್ದಕ್ಕೂ ಓಡುವ ಅಲೆ

ಬಾಗಿಲ ಪಕ್ಕದ ಮೇಜಿನ ಮೇಲೆ ಅಲ್ಯೂಮಿನಿಯಂ ಹಾಳೆಯೊಂದನ್ನು ಮಲಗಿಸಿದ್ದಾರೆ. ಉದ್ದಗಲ ಒಂದೊಂದು ಮೀಟರ್, ದಪ್ಪ 2 ಮಿಲಿಮೀಟರ್. ಮೇಜಿಗೆ ತಾಗದಿರಲೆಂದು ಮೂಲೆಗಳಿಗೆ ಸ್ಪಂಜಿನ ತುಂಡು ಕೊಟ್ಟಿದೆ. ಹಾಳೆಯ ಮೇಲೆ 10 ಮಿಲಿಮೀಟರ್ ಅಗಲದ, ವಿದ್ಯುತ್ ಕೊಟ್ಟರೆ ಮಿಡಿಯುವ, ಮಿಡಿದರೆ ವಿದ್ಯುತ್ ಕೊಡುವ ಪೀಜೋ ಬಿಲ್ಲೆಗಳನ್ನು ಅಂಟಿಸಿ, ಒಂದೊಂದಕ್ಕೂ ಎರಡೆರಡು ಸಣ್ಣ ತಂತಿ ಬೆಸುಗೆ ಹಾಕಿದ್ದಾರೆ. ಬೆಂಗಳೂರಿನ ಈ ಪ್ರಯೋಗಾಲಯದಲ್ಲಿ ವಿಮಾನದ ಮೈಹೊದಿಕೆ, ಎಣ್ಣೆ ಟ್ಯಾಂಕಿನ ತಳ ಮುಂತಾದವನ್ನು ಬಿಚ್ಚದೆ ಪರೀಕ್ಷಿಸುವ ಪಾಠ ಶುರುವಾಗುವುದೇ ಈ ಹಾಳೆಯಿಂದ.

ಮಾಮೂಲಿ ಅಲ್ಟ್ರಾಸೌಂಡ್ ಪ್ರೋಬು ತಾನು ಕೂತ ಜಾಗದ ಕೆಳಗಷ್ಟೇ ನೋಡುತ್ತದೆ. ದೊಡ್ಡ ಟ್ಯಾಂಕಿನ ತಳವನ್ನು ಹಾಗೆ ನೋಡಬೇಕೆಂದರೆ ಎಣ್ಣೆ ಖಾಲಿ ಮಾಡಿ, ತೊಳೆದು, ಒಳಗಿಳಿದು ಅಂಗುಲ ಅಂಗುಲವಾಗಿ ಪ್ರೋಬು ಸರಿಸಬೇಕು. ಇಲ್ಲಿ ಬಿಲ್ಲೆಗಳು ಹುಟ್ಟಿಸುವ ಅಲೆಯ ದಾರಿಯೇ ಬೇರೆ. ತಗಡಿನ ಮೇಲ್ಮೈ, ತಳಮೈ ಎರಡೂ ಅದನ್ನು ನಡುವೆ ಹಿಡಿದಿಟ್ಟು ಉದ್ದಕ್ಕೂ ನಡೆಸುತ್ತವೆ. ಇದರ ಗಣಿತವನ್ನು ಹೊರೇಸ್ ಲ್ಯಾಂಬ್ 1917ರಲ್ಲೇ ಬರೆದಿಟ್ಟ. ಅವನ ಹೆಸರಿನಿಂದಲೇ ಇವು ಲ್ಯಾಂಬ್ ಅಲೆಗಳು.

ಸಂಶೋಧಕಿ ಗುಂಡಿ ಒತ್ತುತ್ತಾರೆ. ಕಿವಿಗೆ ಏನೂ ಕೇಳಿಸದು. ಬಿಲ್ಲೆ ಮಿಡಿಯುತ್ತಿರುವುದು 150 ಕಿಲೋಹರ್ಟ್ಸ್‌ನಲ್ಲಿ. ಆಸಿಲೋಸ್ಕೋಪ್ ಪರದೆಯಲ್ಲಿ ಅಲೆಗಳ ಎರಡು ಗುಂಪು ಏಳುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು 5.4 ಕಿಲೋಮೀಟರ್ ವೇಗದ್ದು. ಅರ್ಧ ಮೀಟರ್ ದೂರದ ಬಿಲ್ಲೆಗೆ ತಲುಪಲು ಅದಕ್ಕೆ 93 ಮೈಕ್ರೋಸೆಕೆಂಡ್ ಸಾಕು. ತಗಡನ್ನು ಹಿಗ್ಗಿಸಿ ಕುಗ್ಗಿಸಿ ಸಾಗುವ ಈ ಅಲೆಗೆ ಎಸ್‌-ಸೊನ್ನೆ ಎನ್ನುತ್ತಾರೆ. ಹಿಂದೆ ಬರುವ ಎ-ಸೊನ್ನೆ ತಗಡನ್ನು ಮೇಲೆ ಕೆಳಗೆ ಬಾಗಿಸುತ್ತ, ಹೆಚ್ಚುಕಡಿಮೆ ಅರ್ಧ ವೇಗದಲ್ಲಿ ಬರುತ್ತದೆ. ಅದರ ಅಲೆಯುದ್ದ ಸುಮಾರು ಒಂದು ಸೆಂಟಿಮೀಟರ್, ಎಸ್‌-ಸೊನ್ನೆಯದು ಮೂರೂವರೆ. ಅಲೆಯುದ್ದ ಚಿಕ್ಕದಾದಷ್ಟೂ ಚಿಕ್ಕ ದೋಷ ಸಿಗುತ್ತದೆ, ಹಾಗಾಗಿ ತಡವಾಗಿ ಬರುವ ಈ ಎರಡನೆಯದರ ಮೇಲೇ ಇಲ್ಲಿಯವರ ಕಣ್ಣು.

ಬಿಲ್ಲೆಗಳ ನಡುವಿನ ದಾರಿಯಲ್ಲಿ ಎಣ್ಣೆ ಸವರಿದ ಬೆರಳಿಟ್ಟು ಒತ್ತಿ ನೋಡಿ ಎಂದರು. ಒತ್ತಿದೆ. ಪರದೆಯ ಎರಡನೇ ಗುಂಪು ಕುಗ್ಗಿತು, ಮೊದಲನೆಯದು ಹೆಚ್ಚೇನೂ ಅಲುಗಲಿಲ್ಲ. ಮೇಲೆ ಕೆಳಗೆ ಆಡುವ ಅಲೆಯ ಶಕ್ತಿಯನ್ನು ಬೆರಳು ಹೀರಿಕೊಂಡಿತ್ತು. ಪುಸ್ತಕದಲ್ಲಿ ಪುಟಗಟ್ಟಲೆ ಓದಿದರೂ ಹಿಡಿಯದ ವ್ಯತ್ಯಾಸ ಹೀಗೆ ಕೈಗೇ ಸಿಕ್ಕಿತು.

ಈ ಕೆಲಸ ಯಾಕೆ ಬೇಕು ಎನ್ನುವವರು 1988ರ ಏಪ್ರಿಲ್ 28ನ್ನು ನೆನೆಯಬೇಕು. ಹವಾಯಿಯ ಹಿಲೋದಿಂದ ಹೊನೊಲುಲುಗೆ ಹೊರಟ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಚಾವಣಿಯ ದೊಡ್ಡ ಭಾಗ ಆಕಾಶದಲ್ಲೇ ಹರಿದುಹೋಯಿತು. ಗಗನಸಖಿಯೊಬ್ಬರು ತೀರಿಕೊಂಡರು. ಹಾಳೆಗಳ ಕೂಡುಪಟ್ಟಿಯಲ್ಲಿ ಅಂಟು ಬಿಟ್ಟು, ರಿವೆಟ್ ತೂತುಗಳ ಸುತ್ತ ಬಿರುಕುಗಳು ಬೆಳೆದಿದ್ದವು. ಕಾಣದ ಜಾಗದಲ್ಲಿ ಬೆಳೆಯುವ ಬಿರುಕಿಗೆ ಬರಿಗಣ್ಣಿನ ತಪಾಸಣೆ ಸಾಲದು.

ಮುಂದಿನ ಮೇಜಿನಲ್ಲಿ ಕಾರ್ಬನ್ ನಾರಿನ ಕಪ್ಪು ಫಲಕ. ಕೈಯಿಂದ ಸ್ಪ್ಯಾನರ್ ಜಾರಿ ಇಂಥದರ ಮೇಲೆ ಬಿದ್ದರೆ ಮೇಲ್ಮೈಯಲ್ಲಿ ಗುರುತೂ ಉಳಿಯದಿರಬಹುದು, ಒಳಗೆ ಪದರ ಬಿಟ್ಟಿರುತ್ತದೆ. ಇದರಲ್ಲಿ ನಾರಿನ ದಿಕ್ಕಿಗೊಂದು ವೇಗ, ಅಡ್ಡಕ್ಕೊಂದು ವೇಗ. ಲೆಕ್ಕ ಇಲ್ಲಿ ಕಠಿಣವಾಗುತ್ತದೆ.

ಅಲೆ ಹುಟ್ಟಿಸುವುದು ಸುಲಭ. ಅದು ಹೇಳಿದ್ದನ್ನು ಓದುವುದೇ ಕಷ್ಟ. ಅಂಚು, ರಿವೆಟ್, ಬಲಪಟ್ಟಿ ಎಲ್ಲದರಿಂದಲೂ ಪ್ರತಿಧ್ವನಿ ಬರುತ್ತದೆ. ಆದ್ದರಿಂದ ಫಲಕ ಹೊಸದಿದ್ದಾಗಲೇ ಅದರ ಸಂಕೇತ ದಾಖಲಿಸಿ, ಇವತ್ತಿನದರಿಂದ ಅದನ್ನು ಕಳೆಯುತ್ತಾರೆ. ಉಳಿದದ್ದು ಬದಲಾವಣೆ. ಆದರೆ ಬಿಸಿಲೇರಿದರೆ ಅಲೆಯೂ ನಿಧಾನವಾಗುತ್ತದೆ. ಬಿರುಕಿಲ್ಲದೆಯೂ ವ್ಯತ್ಯಾಸ ಮೂಡುತ್ತದೆ. ಅದಕ್ಕೇ ಗೋಡೆ ಪಕ್ಕದ ಓವನ್ನಿನಲ್ಲಿ ಫಲಕವಿಟ್ಟು, ಬೇರೆ ಬೇರೆ ಉಷ್ಣತೆಯ ದಾಖಲೆ ಬರೆದಿಡುತ್ತಿದ್ದಾರೆ. ನನ್ನ ಕಣ್ಣಿಗೆ ಈ ಕೋಣೆಯ ಅತಿ ಬೆಲೆಬಾಳುವ ಕೆಲಸ ಇದೇ. ಹುಟ್ಟಿದ ದಿನದ ದಾಖಲೆಯಿಲ್ಲದ ಹಳೆಯ ರಚನೆಗೆ ಇವತ್ತೇ ದಾಖಲೆ ಬರೆದಿಟ್ಟರೆ ಮುಂದೆ ಬೆಳೆಯುವ ದೋಷ ಸಿಗುತ್ತದೆ, ಆಗಲೇ ಇರುವ ದೋಷ ಮಾತ್ರ ಈ ಕಳೆಯುವ ಲೆಕ್ಕಕ್ಕೆ ಸಿಗದು. ಹೊಸದಾಗಿ ಕಟ್ಟುವಾಗಲೇ ಬಿಲ್ಲೆ ಅಂಟಿಸಿದರೆ ಒಳ್ಳೆಯದು.

ಕೊನೆಗೆ ಕಪ್ಪು ಫಲಕದ ಚಿತ್ರ ತೋರಿಸುವ ಪರದೆಯಲ್ಲಿ ಕೆಂಪು ಕಲೆಯೊಂದು ಮೂಡಿತು. ಸಂಶೋಧಕಿ ಫಲಕದ ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಜೆಲ್ ಸವರಿ, ಹಳೆಯ ಪ್ರೋಬನ್ನೇ ಎತ್ತಿಕೊಂಡರು. ಎಲ್ಲಿ ನೋಡಬೇಕೆಂದು ಅಲೆ ಹೇಳಿದೆ. ಪದರ ಎಷ್ಟು ಆಳದಲ್ಲಿ ಬಿಟ್ಟಿದೆಯೆಂದು ಇನ್ನು ಅಳೆಯಬೇಕು.